ಅತ್ತೆ ಮಗಳಿಗೊಂದು ಆಕಾಶ

ಅವಳ ಅಂಗಡಿಯಲ್ಲಿ ನಾನು ಕೊಂಡ ಮೊದಲ ಕಾರ್ಡು ಚಿಕ್ಕಮ್ಮನ ಹುಟ್ಟುಹಬ್ಬಕ್ಕೆ. ನನಗೆ ಚಿಕ್ಕಮ್ಮ ಇಲ್ಲ.

ಇರುವವನು ಒಬ್ಬ ಅಣ್ಣ. ಅವನಿಗೊಂದು ಮೆಡಿಕಲ್ ಶಾಪು, ಆ ಶಾಪಿಗೊಬ್ಬ ನಾನು. ರಸ್ತೆಯ ಈಚೆ ನಾವು ಜನರ ಕೆಮ್ಮು ನೆಗಡಿ ನೋಡಿಕೊಳ್ಳುತ್ತೇವೆ. ಆಚೆ ಅವಳು, ಕೈಯಲ್ಲೇ ಮಾಡಿದ ಗ್ರೀಟಿಂಗ್ ಕಾರ್ಡುಗಳ ಪುಟ್ಟ ಅಂಗಡಿ ಇಟ್ಟುಕೊಂಡು, ಅದೇ ಜನರ ಸುಖದುಃಖ ನೋಡಿಕೊಳ್ಳುತ್ತಾಳೆ. ನಮ್ಮಲ್ಲಿ ಮದ್ದು, ಅಲ್ಲಿ ಮುದ್ದು. ನಡುವೆ ಒಂದು ರಸ್ತೆ. ಅದನ್ನು ದಾಟಲು ನನಗೊಂದು ನೆಪ ಬೇಕಿತ್ತು, ನೆಪಕ್ಕೊಬ್ಬ ಚಿಕ್ಕಮ್ಮ ಬೇಕಿತ್ತು.

"ಚಿಕ್ಕಮ್ಮ ಹೇಗಿದ್ದಾರೆ?" ಕಾರ್ಡು ಕವರಿಗೆ ಹಾಕುತ್ತಾ ಕೇಳಿದ್ದಳು.

ಚೆನ್ನಾಗಿದ್ದಾರೆ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. "ಮೊಣಕಾಲು ನೋವು" ಅಂದೆ.

ಅವಳ ಹುಬ್ಬು ಮೆಲ್ಲಗೆ ಮೇಲೆದ್ದು, ನಡುವೆ ಒಂದು ಸಣ್ಣ ಗೆರೆ ಮೂಡಿತು. ಆ ಗೆರೆಗಾಗಿ ಇಡೀ ವಂಶಕ್ಕೆ ಕಾಯಿಲೆ ತರಿಸಲು ಸಿದ್ಧನಾದೆ. ಸೋದರಮಾವನಿಗೆ ಕಣ್ಣಿನ ಆಪರೇಷನ್ ಆಯಿತು. ದೊಡ್ಡಪ್ಪ ರಿಟೈರ್ ಆದರು. ಷಡ್ಡಕನ ತಂಗಿಗೆ ಅವಳಿ ಮಕ್ಕಳಾದವು.

"ಷಡ್ಡಕ ಇರ್ಬೇಕಾದ್ರೆ ಮೊದ್ಲು ಹೆಂಡ್ತಿ ಇರ್ಬೇಕಲ್ರೀ, ಸಿರಪ್?"

ಸಿರಪ್ ಅಂದರೆ ನಾನು. ನನ್ನ ತೋಳಿಗೆ ಸದಾ ಕೆಮ್ಮಿನ ಔಷಧಿಯ ವಾಸನೆ. "ಫ್ರೆಂಡಿನ ಷಡ್ಡಕ" ಎಂದು ತೇಲಿಸಿ, ಕಾರ್ಡು ಹಿಡಿದು ಓಡಿ ಬಂದೆ. ಅವಳ ಬೆರಳುಗಳನ್ನು ನೋಡಿಯೇ ನಾನು ಹೇಳಬಲ್ಲವನಾಗಿದ್ದೆ, ಇವತ್ತು ಕಾರ್ಡಿನ ಮೇಲೆ ಯಾವ ಆಕಾಶ ತಯಾರಾಗುತ್ತಿದೆ ಎಂದು. ಹೆಬ್ಬೆರಳು ಕಿತ್ತಳೆಯಾದರೆ ಸಂಜೆ, ಉಗುರಿನ ಸುತ್ತ ತಿಳಿನೀಲಿಯಾದರೆ ಮುಂಜಾನೆ. ಇಷ್ಟೆಲ್ಲ ಗೊತ್ತಿದ್ದವನಿಗೆ ಒಂದು ವಾಕ್ಯ ಹೇಳಲು ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೋದಾಗ ಅವಳು ಸ್ಟ್ಯಾಂಡಿನಿಂದ ಕಾರ್ಡುಗಳನ್ನು ಇಳಿಸಿ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು.

"ಏನಿದು, ಸೇಲಾ?"

"ಗೊತ್ತಿಲ್ಲ. ನಮ್ಮ ಭಾವ ಇರೋ ಊರಲ್ಲಿ ಒಂದು ದೊಡ್ಡ ಪ್ರೆಸ್ಸಿದೆ. ಕಾರ್ಡು ಡಿಸೈನ್ ಮಾಡೋ ಕೆಲಸ ಕೊಡ್ತಾರಂತೆ. ಬರ್ತೀನೋ ಇಲ್ವೋ ಇವತ್ತೇ ಹೇಳ್ಬೇಕು."

"ಏನ್ ಹೇಳ್ತೀರಿ?"

ಅವಳು ಕೈಯಲ್ಲಿದ್ದ ಕಾರ್ಡಿನ ಅಂಚನ್ನು ಉಗುರಿನಿಂದ ಸವರಿದಳು. ರೆಪ್ಪೆ ಎತ್ತಿ ಒಮ್ಮೆ ನೋಡಿ, ಇಳಿಸಿದಳು. "ನೀವೇ ಹೇಳಿ. ಏನ್ ಹೇಳ್ಲಿ?"

ಇಂಥ ಹೊತ್ತಿನಲ್ಲಿ ಗಂಡಸರು ಏನೇನೋ ಹೇಳುತ್ತಾರಂತೆ. ನಾನು "ಒಂದು ಕಾರ್ಡು ಬೇಕಿತ್ತು" ಅಂದೆ.

"ಈಗ ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಒಂದು ಹುಡುಗಿಗೆ. ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ."

ಅವಳ ಕೈ ನಿಂತಿತು. "ಯಾವ ಹುಡುಗಿ?"

ನಾಲಿಗೆಯ ತುದಿಯಲ್ಲಿ 'ನೀವು' ಇತ್ತು. ಆದರೆ ನಾಲಿಗೆಗೆ ನೆಂಟರ ಅಭ್ಯಾಸವಾಗಿಬಿಟ್ಟಿತ್ತು. "ಅತ್ತೆ ಮಗಳು" ಅಂದಿತು. ನಾನಲ್ಲ, ನಾಲಿಗೆ.

"ಓ" ಎಂದಳು. ಡಬ್ಬವನ್ನು ಕೆಳಗಿಟ್ಟಳು. ಫೋನ್ ತೆಗೆದುಕೊಂಡಳು. "ಭಾವಾ? ಬರ್ತೀನಿ ಅಂತ ಹೇಳ್ಬಿಡಿ. ಹೂಂ, ಯೋಚ್ನೆ ಮಾಡಿಯೇ ಹೇಳ್ತಿದ್ದೀನಿ."

ನಾನು ನೋಡುತ್ತಾ ನಿಂತಿದ್ದೆ, ಬಸ್ಸು ಹೊರಟ ಮೇಲೆ ಸ್ಟಾಪಿನಲ್ಲಿ ನಿಂತವನ ಹಾಗೆ.

"ಬನ್ನಿ ಈ ಕಡೆ," ಅವಳು ಫೋನಿಟ್ಟು ತೋಳು ಮೇಲಕ್ಕೆ ಮಡಚಿಕೊಂಡಳು. "ಇಂಥ ಕಾರ್ಡು ಅಂಗಡಿಯವಳು ಮಾಡ್ಬಾರ್ದು. ನೀವೇ ಮಾಡಿ. ಹೇಳ್ಕೊಡ್ತೀನಿ."

ಮೇಜಿನ ಮೇಲೆ ರದ್ದಿ ಕಾಗದ ಹಾಸಿ, ಅದರ ಮೇಲೆ ಬಿಳಿ ಕಾರ್ಡು ಇಟ್ಟಳು. ಸ್ಪಂಜಿನ ತುಂಡೊಂದನ್ನು ನನ್ನ ಬೆರಳುಗಳ ನಡುವೆ ಸಿಕ್ಕಿಸಿದಳು.

"ಇಂಕು ಹತ್ತಿಸಿದ ತಕ್ಷಣ ಕಾರ್ಡಿಗೆ ಒತ್ಬೇಡಿ. ಮೊದ್ಲು ರದ್ದಿ ಮೇಲೆ ಉಜ್ಜಿ, ಜಾಸ್ತಿ ಇರೋದು ಹೋಗ್ಲಿ. ಆಮೇಲೆ ಅಲ್ಲಿಂದ ಸುತ್ತುತ್ತಾ ಸುತ್ತುತ್ತಾ ಕಾರ್ಡಿನ ಒಳಗೆ ಬನ್ನಿ. ಯಾವಾಗ ಒಳಗೆ ಬಂದ್ವಿ ಅಂತ ಕಾರ್ಡಿಗೇ ಗೊತ್ತಾಗ್ಬಾರ್ದು."

"ಸುತ್ತೋದು ನಂಗೆ ಚೆನ್ನಾಗಿ ಬರುತ್ತೆ."

"ಒಳಗೆ ಬರೋದೂ ಕಲೀರಿ."

ಮೊದಲು ಹಳದಿ. ತಿಳಿಬಣ್ಣ ಮೊದಲು ಬರಬೇಕು. ಗಾಢದ್ದು ಮೊದಲೇ ಕೂತುಬಿಟ್ಟರೆ ತಿಳಿಗೆ ಜಾಗವೇ ಸಿಗುವುದಿಲ್ಲವಂತೆ. ಹಳದಿ ಹೊಗೆಯಂತೆ ಹರಡಿತು. ಉತ್ಸಾಹದಿಂದ ನೇರಳೆಗೆ ಕೈಹಾಕಿದೆ. ಪಟ್ಟನೆ ಕೈಮೇಲೆ ಹೊಡೆದಳು.

"ನೇರಳೆ ನೇರವಾಗಿ ಹಳದಿಗೆ ಸೇರಿದ್ರೆ ಕೆಸರು. ಮಧ್ಯೆ ಗುಲಾಬಿ ಬೇಕು."

"ಮಧ್ಯಸ್ಥಿಕೆಗೆ?"

"ಹೂಂ. ಕೆಲವರಿಗೆ ನೇರವಾಗಿ ಸೇರೋಕೆ ಬರಲ್ಲ."

ಗುಲಾಬಿಯನ್ನು ಹಳದಿಯ ಮೇಲೆ ಸ್ವಲ್ಪ ದೂರ ಒಯ್ದು, ಹಳದಿಯನ್ನು ಮತ್ತೆ ಗುಲಾಬಿಯೊಳಗೆ ತಂದೆ. ನಡುವಿನ ಗೆರೆ ಕರಗಿತು. ಆಮೇಲೆ ನೇರಳೆಯ ಸರದಿ. ಅವಳು ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಭಾರ ತೂಗಿದಳು. ನಾಡಿ ನೋಡುವವರು ಹಾಗೆ ಹಿಡಿಯುತ್ತಾರೆ. ಅದು ಓಡುತ್ತಿದ್ದ ವೇಗಕ್ಕೆ ಯಾವ ಡಾಕ್ಟರಾದರೂ ಅಡ್ಮಿಟ್ ಮಾಡಿಕೊಳ್ಳುತ್ತಿದ್ದರು.

"ಹಗುರ, ಇನ್ನೂ ಹಗುರ. ಅತ್ತೆ ಮಗಳ ಕೆನ್ನೆ ಅಂದ್ಕೊಳ್ಳಿ" ಅಂದಳು, ಕಿಟಕಿಯ ಕಡೆ ನೋಡುತ್ತಾ. ದನಿ ಸ್ವಲ್ಪ ಒಡೆದಿತ್ತು.

ನನ್ನ ಕೈ ಕುಸಿಯಿತು. ನೇರಳೆ ಇಂಕು ತುಂಬಿದ ಸ್ಪಂಜು ಆಕಾಶದ ನಟ್ಟನಡುವೆ ಪಚ್ಚೆಂದು ಕೂತಿತು. ಕಲೆ ಕಲಿಯಲು ಹೋಗಿ ಕಲೆ ಮಾಡಿಟ್ಟಿದ್ದೆ.

"ಒರೆಸಿದ್ರೆ ಹೋಗಲ್ವಾ?"

"ಕಾಗದಕ್ಕೆ ಇಳಿದಿದ್ದು ವಾಪಸ್ ಬರಲ್ಲ. ಸುತ್ತ ಅಷ್ಟೇ ಗಾಢ ಮಾಡಿ ಅದರ ಜೊತೆ ಸೇರಿಸ್ಬೇಕು, ಅಷ್ಟೇ."

ಸೇರಿಸಿದೆವು. ಸಂಜೆ ಹೋಗಿ ಕಾರ್ಮೋಡ ಬಂತು. ಅವಳು ಕಾರ್ಡನ್ನು ದೂರ ಹಿಡಿದು ನೋಡಿದಳು. "ಪಾಪ ಅತ್ತೆ ಮಗಳು, ಕೊಡೆ ಹಿಡ್ಕೊಂಡು ಓದ್ಬೇಕು." ನಗಲು ನೋಡಿದಳು, ಆಗಲಿಲ್ಲ. ಪೆನ್ನು ತೆಗೆದಳು. "ಹೆಸರು ಹೇಳಿ, ಬರ್ಕೊಡ್ತೀನಿ. ಡಾಕ್ಟರ ಚೀಟಿ ಓದಿ ಓದಿ ನಿಮ್ಮಕ್ಷರ ಕೆಟ್ಟುಹೋಗಿದೆ."

"ಯಾರ ಹೆಸರು?"

"ಅವಳದು!"

ಲೋಕದಲ್ಲಿ ಇಷ್ಟೊಂದು ಹೆಣ್ಣು ಹೆಸರುಗಳಿವೆ. ನನಗೆ ನೆನಪಾದದ್ದು ಬರೀ ಮಾತ್ರೆಗಳದು. "ಇನ್ನೂ... ಹೆಸರಿಟ್ಟಿಲ್ಲ" ಅಂದೆ.

"ಮದುವೆ ವಯಸ್ಸಿಗೆ ಬಂದಿರೋ ಹುಡುಗಿಗೆ?"

ನಾನು ಸ್ಪಂಜು ನೋಡುತ್ತಿದ್ದೆ. ಅವಳು ಪೆನ್ನಿಗೆ ಕ್ಯಾಪು ಹಾಕಿದಳು.

"ಅತ್ತೆ ಮಗಳು ಅಂತ ಒಬ್ಬಳಿದ್ದಾಳಾ?"

"ಇಲ್ಲ."

"ಅತ್ತೆ?"

"ಅವರೂ ಇಲ್ಲ."

"ಸೋದರಮಾವ? ಅವರ ಕಣ್ಣು?"

"ಮಾವನೇ ಇಲ್ಲ ಅಂದ್ಮೇಲೆ ಕಣ್ಣೆಲ್ಲಿಂದ ಬರುತ್ತೆ."

ಪೆನ್ನನ್ನು ಮೇಜಿನ ಮೇಲಿಟ್ಟಳು. ಆಮೇಲೆ ಬಹಳ ಮೆಲ್ಲಗೆ, "ಚಿಕ್ಕಮ್ಮ?"

ತಲೆ ತಗ್ಗಿಸಿದೆ. ಒಂದೇ ಏಟಿಗೆ ನನ್ನ ವಂಶವೆಲ್ಲ ನಿರ್ವಂಶವಾಯಿತು.

"ಆ ಮೊಣಕಾಲಿಗೆ ನಾನೆಷ್ಟು ಮರುಗಿದ್ದೀನಿ ಗೊತ್ತೇನ್ರೀ! ಮೆಟ್ಟಿಲು ಹತ್ತುವಾಗೆಲ್ಲ ಅವರ ನೆನಪಾಗ್ತಿತ್ತು. ಯಾಕ್ರೀ ಹೀಗ್ಮಾಡಿದ್ರಿ?"

"ರಸ್ತೆ ದಾಟೋಕೆ" ಅಂದೆ. "ಇಲ್ಲಿಗೆ ಬರೋಕೆ. ನಿಮ್ಮ ಹತ್ರ."

ಅವಳು ಅಳುತ್ತಲೇ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಹೆಬ್ಬೆರಳಿನ ನೇರಳೆ ಕೆನ್ನೆಯುದ್ದಕ್ಕೂ ಮೆತ್ತಿಕೊಂಡಿತು. "ಫೋನ್ ಮಾಡೋಕೆ ಮುಂಚೆ ಹೇಳೋಕೆ ಏನಾಗಿತ್ತು ರೋಗ ನಿಮಗೆ?"

"ಮತ್ತೆ ಮಾಡಿ. ಬರಲ್ಲ ಅನ್ನಿ."

"ಅನ್ನಲ್ಲ." ಮೂಗೆಳೆದುಕೊಂಡಳು. "ನಿಮ್ಮ ಮೇಲಿನ ಸಿಟ್ಟಿಗೇ ಹೂಂ ಅಂದಿದ್ದು, ನಿಜ. ಅಂದ್ಮೇಲೆ ಗೊತ್ತಾಯ್ತು, ನಂಗೆ ಆ ಕೆಲಸ ಬೇಕು ಅಂತ. ಬೇಕೇ ಬೇಕು. ನೀವೂ ಬೇಕು. ಏನ್ಮಾಡ್ಲಿ, ನೀವೇ ಹೇಳಿ."

ಮತ್ತೆ ನನ್ನನ್ನೇ ಕೇಳಿದಳು. ಈ ಸಲ ನಾನು ಕಾರ್ಡು ಕೇಳಲಿಲ್ಲ.

"ಆ ಊರಲ್ಲಿ ಮೆಡಿಕಲ್ ಶಾಪ್ ಇರುತ್ತಾ?"

"ಜನ ಇದ್ದಾರೆ ಅಂದ್ಮೇಲೆ ಕೆಮ್ಮು ಇರಲ್ವಾ?"

ಕಿಟಕಿಯಾಚೆ ನೋಡಿದೆ. ಅಣ್ಣ ಏಣಿ ಹತ್ತಿ ಮೇಲಿನ ಕಪಾಟಿಗೆ ಕೈಚಾಚುತ್ತಿದ್ದ, ಕನ್ನಡಕ ಹಣೆಯ ಮೇಲೆ. ಅಪ್ಪ ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಸ್ಕೂಲಿಗೆ ಬಿಟ್ಟು ಬಂದವನು, ನನಗಾಗಿಯೇ ತನ್ನ ಮದುವೆಯ ಮಾತು ಎತ್ತದವನು. ಅವನಿಗೆ ಯಾವ ಬಾಯಿಂದ ಹೇಳಲಿ?

"ಅವರಾದ್ರೂ ನಿಜವಾದ ಅಣ್ಣನಾ?" ಅವಳು ನನ್ನ ಕಣ್ಣು ಹೋದ ಕಡೆ ನೋಡಿ ಕೇಳಿದಳು.

"ಅವನೊಬ್ಬ ನಿಜ."

"ಹಾಗಾದ್ರೆ ಕರೀರಿ."

ಬಾಗಿಲಲ್ಲಿ ನಿಂತು ಕೂಗಿದೆ. ಅಣ್ಣ ಸೀದಾ ಮುಲಾಮಿನ ಡಬ್ಬಿ ಹಿಡಿದೇ ಓಡಿ ಬಂದ. "ಏನೋ, ಯಾರಿಗೇನಾಯ್ತೋ?" ಅವಳ ಕೆನ್ನೆ ನೋಡಿ ಗಾಬರಿಯಾಗಿ ಮುಚ್ಚಳ ತೆಗೆದ. "ಅಯ್ಯೋ, ಎಷ್ಟು ಜೋರಾಗಿ ಬಿದ್ದಿದೆ ಪೆಟ್ಟು! ತಿರುಗಮ್ಮ ಈ ಕಡೆ."

"ಪೆಟ್ಟಲ್ಲ ಅಣ್ಣಾ, ಇಂಕು" ಎಂದು ಅವಳು ಸ್ಟೂಲು ಎಳೆದು ಹಾಕಿದಳು.

ನಾನು ಬಾಯಿ ತೆರೆದೆ. ಅಸಹಾಯಕನಾಗಿ ಅವಳ ಮುಖ ನೋಡಿದೆ. ಅವಳೇ ಹೇಳಿದಳು.

"ಇವರು ನನ್ನ ಮದುವೆ ಆಗ್ಬೇಕು ಅಂತಿದ್ದಾರೆ. ನಂಗೂ ಇಷ್ಟ. ಆದ್ರೆ ನಾನು ಬೇರೆ ಊರಿಗೆ ಹೊರಟಿದ್ದೀನಿ. ಇವರನ್ನ ನನ್ನ ಜೊತೆ ಕಳಿಸ್ಕೊಡ್ತೀರಾ?"

ಅಣ್ಣ ನನ್ನನ್ನು ನೋಡಿದ. ಯಾರೂ ಇಲ್ಲದೆ ತೆರೆದುಕೊಂಡಿದ್ದ ನಮ್ಮ ಅಂಗಡಿಯನ್ನು ನೋಡಿದ. ಮುಲಾಮಿನ ಮುಚ್ಚಳವನ್ನು ಹಾಕಿ, ಬಿಗಿ ಮಾಡಿ, ಮತ್ತೂ ತಿರುಗಿಸುತ್ತಲೇ ಇದ್ದ.

"ಹಸಿವಾದ್ರೂ ಬಾಯಿಬಿಟ್ಟು ಹೇಳಲ್ಲಮ್ಮ ಇವನು" ಅಂದ ಕೊನೆಗೆ. "ಅಲ್ಲಿ ನೀನೇ ಎರಡೆರಡು ಸಲ ಕೇಳಿ ಬಡಿಸ್ಬೇಕು."

ಮುಖ ಆ ಕಡೆ ತಿರುಗಿಸಿಕೊಂಡ.