ಮೂವತ್ತೊಂದನೆಯ ಮುದ್ರೆ

ಮೂವತ್ತು ಜನರ ಒಪ್ಪಿಗೆಯ ಮುದ್ರೆ ಬಿದ್ದಾಗಿತ್ತು. ಉಳಿದಿದ್ದು ಒಂದೇ ಒಂದು, ಅದೂ ಎಂಬತ್ತೆರಡರ ಒಬ್ಬ ಮುದುಕನದು. ಆ ಒಂದಕ್ಕಾಗಿ ಮುರೊಯ್ ಹದಿನಾಲ್ಕು ತಿಂಗಳಿಂದ ಒಸಾಕಾಕ್ಕೂ ನಾರಾ ಪಕ್ಕದ ಕೋರಿಯಾಮಾಕ್ಕೂ ಓಡಾಡಿ ಚಪ್ಪಲಿ ಸವೆಸಿದ್ದ.

ಅವನ ಕಂಪನಿಯ ಹೊಸ ಹೊಡೆದಾಟದ ಗೇಮ್‌ನಲ್ಲಿ ಬೇರೆ ಬೇರೆ ಕಾಮಿಕ್ಸ್‌ಗಳಿಂದ ಎರವಲು ತಂದ ಮೂವತ್ತೊಂದು ಪಾತ್ರಗಳು ಒಂದೇ ಅಖಾಡದಲ್ಲಿ ಬಡಿದಾಡುತ್ತಿದ್ದವು. ಜಪಾನಿನಲ್ಲಿ ಮಾರಲು ಎಲ್ಲರೂ ಒಪ್ಪಿ ವರ್ಷವೇ ಕಳೆದಿತ್ತು. ಆದರೆ ಸಮುದ್ರ ದಾಟಬೇಕಾದರೆ ಎಲ್ಲರೂ ಹೊಸದಾಗಿ ಒಪ್ಪಬೇಕು. ಒಬ್ಬರಿಗೆ ತಮ್ಮ ನಾಯಕ ಜಾಹೀರಾತಿನಲ್ಲಿ ಸೋಲಕೂಡದು. ಇನ್ನೊಬ್ಬರಿಗೆ ಹೆಸರು ಪಟ್ಟಿಯ ಮೇಲ್ತುದಿಯಲ್ಲೇ ಇರಬೇಕು. ಮತ್ತಿಬ್ಬರಿಗೂ ಅದೇ ತುದಿಯೇ ಬೇಕು. ಧ್ವನಿ ಕೊಟ್ಟವರದು ಬೇರೆ ಕರಾರು, ಹಾಡಿನವರದು ಬೇರೆ. ದೇವರು ಕೊಟ್ಟರೂ ಪೂಜಾರಿ ಕೊಡ, ಮತ್ತು ಇಲ್ಲಿ ಪೂಜಾರಿಗಳೇ ಮೂವತ್ತೊಂದು ಜನ.

ಒಬ್ಬನನ್ನು ಬಿಟ್ಟುಬಿಡೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಪ್ರತಿ ಒಪ್ಪಿಗೆ ಪತ್ರದಲ್ಲೂ ಉಳಿದ ಮೂವತ್ತು ಪಾತ್ರಗಳ ಹೆಸರಿತ್ತು. ಒಂದು ಹೆಸರು ಬಿದ್ದುಹೋದರೆ ಎಲ್ಲರ ಮನೆ ಬಾಗಿಲಲ್ಲೂ ಮೊದಲಿಂದ ಬಗ್ಗಿ ನಮಸ್ಕರಿಸಬೇಕು. ಜುಲೈ ಮುಗಿಯುವುದರೊಳಗೆ ಕೆಲಸವಾಗದಿದ್ದರೆ ವಿದೇಶ ವಿಭಾಗ ಮುಚ್ಚುತ್ತೇವೆ, ನಿಮಗೆ ಹಿಮೇಜಿಯ ಗೋದಾಮಿನಲ್ಲಿ ಒಂದು ಕುರ್ಚಿ ಇದ್ದೇ ಇದೆ ಎಂದು ಮೇಲಿನವರು ನಗುನಗುತ್ತಲೇ ಹೇಳಿದ್ದರು. ಇಪ್ಪತ್ತೆರಡು ವರ್ಷದ ಸೇವೆಗೆ ಗೋದಾಮಿನ ಕುರ್ಚಿ.

ಮುದುಕನ ಹೆಸರು ಇಸೊಗಾಯ್. ನಲವತ್ತು ವರ್ಷದ ಹಿಂದೆ ಬಣ್ಣದ ಮೀನು ಮಾರುವ ಒಟಾಕೆ ಎಂಬ ಅಜ್ಜಿಯ ಕಾಮಿಕ್ಸ್ ಬರೆದವನು. ಆ ಅಜ್ಜಿ ಹೆಗಲ ಕಾವಡಿಯಿಂದ ರೌಡಿಗಳನ್ನು ಬಡಿಯುತ್ತಾಳೆ. ಜೂನ್ ಹನ್ನೆರಡರಂದು ಹೋದಾಗಲೂ ಆತ ಮೀನಿನ ತೊಟ್ಟಿಯ ಪಕ್ಕದಲ್ಲೇ ಕೂತಿದ್ದ.

"ಸೆನ್ಸೇ, ಹೊರದೇಶದ ಹುಡುಗರು ಒಟಾಕೆ ಅಜ್ಜಿ ಬೇಕೇ ಬೇಕು ಅಂತ ಬಾಯಿ ಬಡ್ಕೋತಿದಾರೆ."

"ಹೌದಾ? ಆ ಕೆಂಪು ಮೀನು ನೋಡಿ, ಎರಡು ದಿನದಿಂದ ಏನೂ ತಿಂತಿಲ್ಲ."

"ಹೂಂ ಅಂತ ಒಂದು ಮಾತು ಹೇಳಿಬಿಟ್ರೆ..."

"ಎದುರಿಗೆ ಕೂತು ಹೂಂ, ಉಹೂಂ ಅನ್ನೋಕೆ ನಂಗೆ ಆಗಲ್ಲ ಕಣ್ರೀ, ನಾಚಿಕೆ. ಉತ್ತರ ಕೊಡದೆ ಎಲ್ಲಿಗೆ ಓಡಿ ಹೋಗ್ತೀನಿ?"

ಹೊರಡುವಾಗ ಹೆಂಡತಿ ಫುಮಿಯೆ ಎಂದಿನಂತೆ, ಅವನು ತಂದ ಬಿಸ್ಕತ್ತಿಗೆ ಪ್ರತಿಯಾಗಿ, ಕಾಗದ ಸುತ್ತಿದ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಕೊಟ್ಟಳು. "ಮನೆಗೆ ಹೋಗಿ ನಿಧಾನವಾಗಿ ಬಿಚ್ಚಿ, ಆಯ್ತಾ?" ಕೊಟ್ಟವರೆದುರು ಬಿಚ್ಚುವುದು ಹೇಗೂ ಮರ್ಯಾದೆಯಲ್ಲ. ಒಳಗಿರುವುದು ಏನೆಂದು ಅವನಿಗೆ ಗೊತ್ತೇ ಇತ್ತು: ಮದ್ಯದ ಗಸಿಯಲ್ಲಿ ಊರಿಸಿದ ಸೋರೆಯ ಉಪ್ಪಿನಕಾಯಿ, ನಾರಾಜ಼ುಕೆ. ಆ ವಾಸನೆಗೇ ಅವನಿಗೆ ವಾಕರಿಕೆ. ಹಿಂದಿನ ಪೆಟ್ಟಿಗೆಗಳೆಲ್ಲ ಸುತ್ತಿದ ಕಾಗದದ ಸಮೇತ ಕಾನೂನು ವಿಭಾಗದ ಕಾಜಿತಾನಿಯ ಪಾಲಾಗಿದ್ದವು. ಆಕೆಗೆ ಅದೆಂದರೆ ಪ್ರಾಣ. ಇದನ್ನೂ ಮೇಜಿನ ಕೆಳಗೆ ತಳ್ಳಿದ.

ಜುಲೈ ಮೂರರಂದು ಇಸೊಗಾಯ್ ತೀರಿಕೊಂಡ. ಹಾಗೆಂದರೆ ಇನ್ನು ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳು, ಮೂವರೂ ಒಪ್ಪಬೇಕು. ಅಣ್ಣತಮ್ಮಂದಿರು ಇಪ್ಪತ್ತು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಂತ್ಯಕ್ರಿಯೆಯಲ್ಲೂ ಕೋಣೆಯ ಎರಡು ಮೂಲೆ ಹಿಡಿದು ಕೂತಿದ್ದರು. ಊದುಬತ್ತಿಯ ಮುಂದೆ ತಲೆ ಬಾಗಿದ ಮುರೊಯ್‌ಗೆ ಸತ್ತವನ ಮೇಲೆ ಸಿಟ್ಟು ಬಂತು. ಸಾಯುವ ಮುಂಚೆ ಒಂದು ಮುದ್ರೆ ಒತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಫುಮಿಯೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಎಷ್ಟು ಸಲ ಬಂದ್ರಿ ನೀವು! ಪಾಪ, ನಿಮ್ಮ ವಿಷಯದಲ್ಲಿ ಕೊನೆಗೆ ಅವರಿಗೂ ನೆಮ್ಮದಿಯಾಗಿತ್ತು."

ದುಃಖದಲ್ಲಿದ್ದವರ ಉಪಚಾರದ ಮಾತು ಅಂದುಕೊಂಡ ಮುರೊಯ್. ಆದರೆ ರೈಲಿನಲ್ಲಿ ಕೂತಾಗ ಆ ಮಾತೇ ಬೀಜವಾಯಿತು. ಒಪ್ಪಿಗೆ ಸಿಕ್ಕಿತ್ತು ಎಂದರೆ ಈಕೆ ಅಲ್ಲಗಳೆಯುವವಳಲ್ಲ. ಮಕ್ಕಳಿಗೆ ಏನೂ ಗೊತ್ತಿಲ್ಲ. ಜೂನ್ ಹನ್ನೆರಡರಂದು ತಾನು ಹೋಗಿದ್ದಕ್ಕೆ ರೈಲಿನ ಚೀಟಿ ಕಚೇರಿಯಲ್ಲಿದೆ. ತಪ್ಪೆಂದು ಹೇಳಬಲ್ಲವನು ಒಬ್ಬನೇ, ಅವನು ಬೂದಿಯಾಗಿದ್ದಾನೆ.

ಮುರೊಯ್ ಶಾಲೆಯ ದಿನಗಳಿಂದ ಹೊಸ ವರ್ಷದ ಕಾರ್ಡುಗಳಿಗೆ ತಾನೇ ಅಚ್ಚು ಕೆತ್ತುತ್ತಿದ್ದವನು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಹಳೆ ಕರಾರಿನ ಪ್ರತಿ ಹರಡಿಕೊಂಡು ಮೆದುಕಲ್ಲಿನ ತುಂಡಿನಲ್ಲಿ ಇಸೊಗಾಯ್‌ನ ಮುದ್ರೆಯನ್ನು ಕೆತ್ತಿದ. ಅಸಲಿ ಮುದ್ರೆಯ ಬಲ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಚೂರು ಹಾರಿತ್ತು. ಸಾಮಾನ್ಯ ಕಳ್ಳನಾಗಿದ್ದರೆ ಅದನ್ನು ಬಿಡುತ್ತಿದ್ದ. ಮುರೊಯ್ ಅದೇ ಜಾಗದಲ್ಲಿ, ಅಷ್ಟೇ ಚೂರನ್ನು ಸೂಜಿಯಿಂದ ಎಬ್ಬಿಸಿದ. ನಡುಗುವ ಸಹಿಯನ್ನು ಅರವತ್ತು ಸಲ ತಿದ್ದಿದ. ತಾರೀಖು ಜೂನ್ ಹನ್ನೆರಡು. ಒತ್ತಿದ ಮೇಲೆ ಕಲ್ಲನ್ನು ಸುತ್ತಿಗೆಯಿಂದ ಪುಡಿಮಾಡಿ ಹೂಕುಂಡದ ಮಣ್ಣಿಗೆ ಬೆರೆಸಿದ. ತಿಂಗಳುಗಳ ನಂತರ ಮೊದಲ ಸಲ ಅವನ ಭುಜ ಹಗುರಾಗಿತ್ತು.

ಹತ್ತನೇ ತಾರೀಖು ಕಾಜಿತಾನಿ ಭೂತಗನ್ನಡಿ ಹಿಡಿದು ಹೊಸದನ್ನೂ ಹಳೆಯದನ್ನೂ ಹೋಲಿಸಿದಳು.

"ಅಂಚಿನ ಚೂರೂ ಅದೇ. ಆದ್ರೆ ಮುರೊಯ್‌ಸಾನ್, ಒಂದು ತಿಂಗಳು ಇದನ್ನ ಇಟ್ಕೊಂಡು ಏನ್ ಪೂಜೆ ಮಾಡ್ತಿದ್ರಾ?"

"ಧ್ವನಿಯವರ ಕಾಗದವೂ ಬರ್ಲಿ, ಒಟ್ಟಿಗೆ ಕೊಡೋಣ ಅಂತಿದ್ದೆ." ಈ ಉತ್ತರವನ್ನೂ ಅವನು ಮೊದಲೇ ಹೊಂದಿಸಿಟ್ಟಿದ್ದ.

"ಅಂತೂ ಅಜ್ಜಿ ವಿಮಾನ ಹತ್ತಿದ್ಲು ಬಿಡಿ!"

ಅಲ್ಲಿ ಅದು ಒಬ್ಬರಿಗೊಬ್ಬರು ಬೇಸಿಗೆಯ ಉಡುಗೊರೆ ಕೊಡುವ ಕಾಲ. ಕಾಲಿಗೆ ತಾಗಿದ ಪೆಟ್ಟಿಗೆ ನೆನಪಾಗಿ, ಮುರೊಯ್ ಅದನ್ನೂ ತಂದು ಆಕೆಯ ಕೈಗಿಟ್ಟ. ಕಾಜಿತಾನಿ ಕಾಗದಕ್ಕೆ ಮೂಗು ಹಚ್ಚಿ ನಕ್ಕಳು. "ಇದನ್ನ ಬೇಡ ಅನ್ನೋ ನಾಲಿಗೆ ಅದೆಂಥ ನಾಲಿಗೆ ರೀ ನಿಮ್ದು!"

ಸೋಮವಾರ ಆಕೆ ಅವನನ್ನು ಒಳಗೆ ಕರೆದು ಬಾಗಿಲು ಮುಚ್ಚಿದಳು. ಈ ಸಲ ನಗಲಿಲ್ಲ. ಮೇಜಿನ ಮೇಲೆ ಅವನು ಕೊಟ್ಟ ಒಪ್ಪಿಗೆ ಪತ್ರವಿತ್ತು. ಅದರ ಪಕ್ಕದಲ್ಲಿ ಅಂಥದ್ದೇ ಇನ್ನೊಂದು, ಅದೇ ಜೂನ್ ಹನ್ನೆರಡು. ಅದರಿಂದ ಉಪ್ಪಿನಕಾಯಿಯ ವಾಸನೆ ಬರುತ್ತಿತ್ತು. ಅದರಲ್ಲಿದ್ದ ಮುದ್ರೆ ದುಂಡಗೆ, ಹೊಚ್ಚಹೊಸದು, ಅಂಚು ಎಲ್ಲೂ ಮುಕ್ಕಾಗಿರಲಿಲ್ಲ. ಕೆಳಗೆ ಆ ಮುದ್ರೆ ನೋಂದಾಯಿತವೆಂಬ ಊರಿನ ಕಚೇರಿಯ ಪ್ರಮಾಣಪತ್ರ, ಮತ್ತೆ ನಡುಗುವ ಕೈಯಲ್ಲಿ ಬರೆದ ನಾಲ್ಕು ಸಾಲು. "ಎದುರಿಗೆ ಹೇಳಲು ನಾಚಿಕೆಯಾಗಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮುಕ್ಕಾಗಿದ್ದ ಹಳೆಯ ಮುದ್ರೆ ಮಾರ್ಚ್‌ನಲ್ಲಿ ಕೈಜಾರಿ ಎರಡು ಹೋಳಾಯಿತು, ದೇವಸ್ಥಾನಕ್ಕೆ ಒಪ್ಪಿಸಿಬಿಟ್ಟೆ. ಇದು ಹೊಸದು. ನಮ್ಮ ಒಟಾಕೆಯನ್ನು ಜೋಪಾನವಾಗಿ ಕರೆದುಕೊಂಡು ಹೋಗಿ." ಮುರೊಯ್ ಎರಡು ಸಲ ಓದಿದ. ಹದಿನಾಲ್ಕು ತಿಂಗಳು ಬೇಡಿದ್ದನ್ನು ಮುದುಕ ಕೊಟ್ಟೇ ಸತ್ತಿದ್ದ. ಅದು ಒಂದು ತಿಂಗಳು ಅವನ ಕಾಲಬುಡದಲ್ಲೇ ಇತ್ತು, ಅವನು ಪೆಟ್ಟಿಗೆ ಬಿಚ್ಚಿರಲಿಲ್ಲ.