ಅಸಿಲ್‌ಕಾನ್ ಅತ್ತೆಯ ಬೆಚ್ಚನೆ ಮನೆ

ತಣ್ಣಗಿನ ಮನೆಯಲ್ಲಿ ಅತಿಥಿಯನ್ನು ಕೂರಿಸಬಾರದು ಎಂಬ ಮರ್ಯಾದೆಗೆ ಕಟ್ಟುಬಿದ್ದು ಶಾರ್ಶೆನ್ ಕಳೆದ ಚಳಿಗಾಲ ಒಂದು ಹೊಸ ಒಲೆಯನ್ನು ಕೈಯಾರೆ ಕಳೆದುಕೊಂಡಿದ್ದ. ತಣ್ಣಗಿನ ಮನೆಗಳಿಗೆ ಹೊಸ ಒಲೆ ಕೊಡುವ ‘ಬೆಚ್ಚನೆ ಮನೆ’ ಯೋಜನೆಯವರು ಬರುತ್ತಾರೆಂದು ತಿಳಿದ ದಿನ ಅವನ ಹೆಂಡತಿ ಕಲಿಪಾ ಹತ್ತು ದಿನಕ್ಕೆಂದು ಎತ್ತಿಟ್ಟಿದ್ದ ಕಲ್ಲಿದ್ದಲನ್ನು ಒಂದೇ ಬೆಳಿಗ್ಗೆ ಒಲೆಗೆ ಸುರಿದಳು. ಬಂದವರು ಕೋಟು ಬಿಚ್ಚಿದರು, ಹಣೆಯ ಬೆವರು ಒರೆಸಿಕೊಂಡರು, ಮೂರು ಮೂರು ಬಟ್ಟಲು ಚಹಾ ಕುಡಿದರು. ಆಮೇಲೆ ಗೋಡೆಗೆ ಶಾಖ ಅಳೆಯುವ ಯಂತ್ರ ಹಿಡಿದು ನೋಡಿ, ಮನೆ ಸಾಕಷ್ಟು ಬೆಚ್ಚಗಿದೆ, ನೆರವು ಬೇಕಿಲ್ಲ ಎಂದು ಬರೆದುಕೊಂಡು ಹೋದರು. ಒಮ್ಮೆ ಹೀಗೆ ಬರೆಸಿಕೊಂಡ ಕುಟುಂಬ ಮೂರು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಅವರು ಹೋದ ಮೇಲೆ ಗಂಡ ಹೆಂಡತಿ ಹತ್ತು ದಿನ ಒಂದೇ ಕೌದಿಯೊಳಗೆ ನಡುಗಿದರು.

ಎದುರು ಮನೆಯ ತೆಮಿರ್‌ಕುಲ್ ಹುಟ್ಟು ಜಿಪುಣ. ಅಂದು ಅವನು ಒಲೆ ಹಚ್ಚಲಿಲ್ಲ, ಬಂದವರಿಗೆ ಬಿಸಿನೀರನ್ನೂ ಕೊಡಲಿಲ್ಲ. ಅವನಿಗೆ ಹೊಗೆ ಉಗುಳದ ಒಲೆ ಬಂತು, ಜೋಡಿ ಗಾಜಿನ ಕಿಟಕಿ ಬಂತು, ಗೋಡೆಗಳಿಗೆಲ್ಲ ದಪ್ಪನೆಯ ಉಣ್ಣೆಯ ಹೊದಿಕೆ ಬಂತು. ಈಗ ಈ ಬೀದಿಯಲ್ಲಿ ಮೈಮೇಲೆ ಬರೀ ಅಂಗಿ ಹಾಕಿಕೊಂಡು ಕೂರುವವನು ಅವನೊಬ್ಬನೇ. ಶಾರ್ಶೆನ್‌ಗೆ ಹೊಟ್ಟೆ ಉರಿಯಿತು, ನಿಜ. ಆದರೆ ಉರಿದುಕೊಂಡೇ ಇರಲು ಕೂಡ ಒಂದಿಷ್ಟು ತ್ರಾಣ ಬೇಕು. ಮೂವತ್ತು ವರ್ಷ ಶಾಲೆಯ ಬಾಯ್ಲರ್‌ಗೆ ಕಲ್ಲಿದ್ದಲು ಹಾಕಿ ಊರ ಮಕ್ಕಳನ್ನೆಲ್ಲ ಬೆಚ್ಚಗಿಟ್ಟವನಿಗೆ ಆ ತ್ರಾಣ ಉಳಿದಿರಲಿಲ್ಲ.

ಉಳಿದದ್ದು ಕಲಿಪಾಳ ಕೆಮ್ಮು. ಇನ್ನೊಂದು ಚಳಿಗಾಲ ಈ ಒಲೆಯ ಹೊಗೆ ಕುಡಿದರೆ ಆಕೆ ವಸಂತ ನೋಡುವುದು ಕಷ್ಟ ಎಂದು ನರಿನ್ ಪಟ್ಟಣದ ಡಾಕ್ಟರು ಮುಖಕ್ಕೇ ಹೇಳಿದ್ದರು. ಆ ಇನ್ನೊಂದು ಚಳಿಗಾಲ ಬಂದು ಬಾಗಿಲಲ್ಲಿ ನಿಂತಿತ್ತು.

ದಾರಿ ಕಂಡದ್ದು ಅಂಗಳದ ಆ ತುದಿಯಲ್ಲಿ. ಅಲ್ಲಿನ ಒಂಟಿ ಕೋಣೆಯ ಮನೆಯಲ್ಲಿ ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಅಸಿಲ್‌ಕಾನ್ ಇದ್ದಳು. ಶರತ್ಕಾಲದಲ್ಲಿ ತೀರಿಕೊಂಡಳು. ಊರವರೆಲ್ಲ ಸೇರಿ ಬೆಟ್ಟದ ಮೇಲೆ ಮಣ್ಣು ಮಾಡಿದರು, ನಲವತ್ತನೆಯ ದಿನದ ಊಟವೂ ಆಯಿತು. ಆದರೆ ಮರಣ ಬರೆಸಲು ಪಟ್ಟಣದ ಕಚೇರಿಗೆ ಹೋಗಬೇಕು. ಇಂದು ಮೈ ಸರಿಯಿಲ್ಲ, ನಾಳೆ ಬಸ್ಸಿಲ್ಲ ಎಂದು ಅವನು ದಿನ ತಳ್ಳಿದ್ದ. ಒಂದು ಮಧ್ಯಾಹ್ನ ಕಲಿಪಾಳ ಔಷಧಿ ಚೀಟಿ ಹುಡುಕುವಾಗ ಪೆಟ್ಟಿಗೆಯಲ್ಲಿ ಅತ್ತೆಯ ಗುರುತಿನ ಚೀಟಿ ಕೈಗೆ ಸಿಕ್ಕಿತು. ಸರ್ಕಾರದ ಲೆಕ್ಕದಲ್ಲಿ ಅತ್ತೆ ಇನ್ನೂ ಬದುಕಿದ್ದಳು. ಎಂಬತ್ತೊಂದು ವರ್ಷದ ಒಂಟಿ ಹೆಂಗಸು, ಗಾಳಿ ನುಗ್ಗುವ ಮಣ್ಣಿನ ಮನೆ. ಇಂಥವರಿಗೇ ಮೊದಲ ನೆರವು ಎಂದು ಯೋಜನೆಯವರು ಗೋಡೆಗೋಡೆಗೆ ಅಂಟಿಸಿದ್ದರು.

ಅರ್ಜಿ ಫೋನಿನಲ್ಲೇ ಹೋಯಿತು. ಒಲೆ ಬಂದರೆ ಅತ್ತೆಯ ಮನೆಗೆ ಬರುತ್ತದೆ, ಬಂದ ಮರುದಿನ ತಾವಿಬ್ಬರೂ ಅಲ್ಲಿಗೆ ಹೋಗಿ ಇರುವುದು. ಕದಿಯುತ್ತಿರುವುದು ಒಂದು ಹೆಸರನ್ನು ಮಾತ್ರ, ಅದೂ ಮನೆಯವಳ ಹೆಸರು. ಹೀಗೆ ಅವನು ತನಗೆ ತಾನೇ ಹೇಳಿಕೊಂಡ, ಪೂರ್ತಿ ನಂಬಲಿಲ್ಲ.

ಶಾಖದ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಜನರಿರುವ ಮನೆಯ ಮಾಡಿನ ಮೇಲೆ ಹಿಮ ಹಾಸಿಗೆಯಂತೆ ನುಣ್ಣಗೆ ಬಿದ್ದಿರುವುದಿಲ್ಲ. ಒಳಗಿನ ಶಾಖಕ್ಕೆ ಕರಗಿ ಅಂಚಿನಲ್ಲಿ ಕೋಲುಕೋಲಾಗಿ ಹೆಪ್ಪುಗಟ್ಟಿ ಜೋತಾಡುತ್ತದೆ. ಪಟ್ಟಣದಿಂದ ಬರುವವರು ಮೊದಲು ನೋಡುವುದೇ ಅದನ್ನು. ಹಾಗಾಗಿ ತಮ್ಮ ಮನೆಯ ಕಲ್ಲಿದ್ದಲನ್ನು ಹೊತ್ತು ತಂದು ಐದು ದಿನ ಅತ್ತೆಯ ಒಲೆ ಉರಿಸಿದ. ಹೊಗೆ ಕೊಳವೆಯ ಸುತ್ತ ಹೊಸ ಮಸಿ ಹಿಡಿಯಿತು, ಮಾಡಿನ ಅಂಚಿನಲ್ಲಿ ನೀರು ಹೆಪ್ಪುಗಟ್ಟಿ ಇಳಿಬಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಬೆಂಕಿ ಆರಿಸಿ ಗೋಡೆಗಳನ್ನು ತಣ್ಣಗಾಗಲು ಬಿಟ್ಟ. ಬಾಗಿಲಿನಿಂದ ಪಾಯಿಖಾನೆಯವರೆಗೆ ಅತ್ತೆಯ ಹಳೆಯ ಬೂಟು ಮೆಟ್ಟಿ, ಹಿಮದ ಮೇಲೆ ಹೆಜ್ಜೆ ಎಳೆಯುತ್ತ, ಹತ್ತು ಬಾರಿ ಓಡಾಡಿದ. ಬೂಟು ಅವನಿಗೆ ಬಿಗಿಯಾಗಿತ್ತು. ಎಂಟನೆಯ ಸಲಕ್ಕೆ ಅಳು ಬಂತು. ಅತ್ತು, ಉಳಿದ ಎರಡು ಸಲವನ್ನೂ ಮುಗಿಸಿದ.

ನೆರೆಯವರ ಬಾಯಿ ಇನ್ನೊಂದು ಅಪಾಯ. ಅದಕ್ಕೆ ಯೋಜನೆಯವರು ಪರೀಕ್ಷೆಗೆ ಬರಲು ಕೆಳಗಿನ ಊರಿನ ದನದ ಸಂತೆಯ ದಿನವನ್ನೇ ಆರಿಸಿ ಹೇಳಿದ. ಅಂದು ಬೀದಿಯಲ್ಲಿ ನಾಯಿಗಳು ಮಾತ್ರ ಇರುತ್ತವೆ.

ಉಳಿದದ್ದು ಅತ್ತೆ.

“ಸತ್ತೋರ ಹಾಸಿಗೇಲಿ ಮಲಕ್ಕೋ ಅಂತೀಯಲ್ಲ ಮುದುಕಾ, ನಿಂಗೆ ನಾಚಿಕೆ ಆಗಲ್ವಾ?” ಎಂದಳು ಕಲಿಪಾ.

“ಅತ್ತೆ ಇದ್ದಿದ್ರೆ ಅವಳೇ ಎಳ್ಕೊಂಡು ಹೋಗಿ ಮಲಗಿಸ್ತಿದ್ಲು. ಗೋಡೆ ಕಡೆ ತಿರುಗಿ, ತಲೆ ತನಕ ಕೌದಿ ಹೊದ್ಕೊಂಡು ಕೆಮ್ತಾ ಇರು. ಅಷ್ಟೇ.”

“ಕೆಮ್ಮೋದನ್ನ ನೀನು ಹೇಳ್ಕೊಡ್ಬೇಕಾ ನಂಗೆ?”

“ಬೆಳಿಗ್ಗೆ ಅಲ್ಲೇ ಏನಾದ್ರೂ ಬೇಯ್ಸು. ಅಡುಗೆ ವಾಸ್ನೆ ಇಲ್ದಿದ್ರೆ ಜನ ಇರೋ ಮನೆ ಅನ್ಸಲ್ಲ.”

ಕಲಿಪಾ ಕೆಮ್ಮಿ, ಎದೆ ನೀವಿಕೊಂಡಳು. “ಹೊಸ ಒಲೆ ಬಂದ್ರೆ ಕೆಮ್ಮು ಹೋಗತ್ತೆ ಅಂತ ಗ್ಯಾರಂಟಿ ಏನು?”

“ಗ್ಯಾರಂಟಿ ಏನಿಲ್ಲ. ಆದ್ರೆ ಹಳೇದು ಇದ್ರೆ ನೀನು ಹೋಗ್ತೀಯ. ಅದಂತೂ ಗ್ಯಾರಂಟಿ.”

ಆಕೆ ಎದ್ದು ಅತ್ತೆಯ ಮನೆಗೆ ಒಯ್ಯಬೇಕಾದ ಕೌದಿಗಳನ್ನು ಮಡಿಸತೊಡಗಿದಳು.

ಪರೀಕ್ಷೆಗೆ ಬಂದವಳು ಜಿಬೆಕ್ ಎಂಬ ಇಪ್ಪತ್ತೈದರ ಹುಡುಗಿ. ಕಾರಿಳಿದವಳೇ ಮಾಡಿನ ಅಂಚು ನೋಡಿದಳು, ನೆಲದ ಹೆಜ್ಜೆ ನೋಡಿದಳು. ಶಾರ್ಶೆನ್ ಮನಸ್ಸಿನಲ್ಲೇ ಒಂದೊಂದಕ್ಕೂ ಗೆರೆ ಎಳೆದುಕೊಂಡ. ಒಳಗೆ ಎಣ್ಣೆಯ ಘಮ ತುಂಬಿತ್ತು. ತಾಟಿನ ಮೇಲೆ ಬಟ್ಟೆ ಮುಚ್ಚಿತ್ತು. ಮೂಲೆಯಲ್ಲಿ ನಾಲ್ಕು ಕೌದಿಗಳ ಕೆಳಗಿನಿಂದ ಕೆಮ್ಮು ಬಂತು, ಕೇಳಿದವರ ಎದೆ ಹಿಂಡುವಂಥ ಅಪ್ಪಟ ಕೆಮ್ಮು.

“ಅಪಾ, ಅಜ್ಜೀ, ಹೆಂಗಿದೀರಿ?” ಎಂದು ಜಿಬೆಕ್ ಕೌದಿಗೆ ಕೈ ಮುಟ್ಟಿಸಿದಳು.

“ಅತ್ತೆಗೆ ಕಿವಿ ಕೇಳ್ಸಲ್ಲ ಮಗಳೇ. ರಾತ್ರಿಯೆಲ್ಲ ನಿದ್ದೆ ಇಲ್ಲ, ಈಗ ಸ್ವಲ್ಪ ಕಣ್ಣು ಹತ್ತಿದೆ.”

ಕಾಯಿಲೆ ಬಿದ್ದ ಹಿರಿಯರ ಮುಖದ ಮೇಲಿನ ಹೊದಿಕೆ ಎಳೆಯುವ ಹುಡುಗಿ ಈ ಕಣಿವೆಯಲ್ಲಿ ಹುಟ್ಟಿಲ್ಲ. ಇದನ್ನೂ ಅವನು ಎಣಿಸಿಯೇ ಇದ್ದ. ಜಿಬೆಕ್ ಗೋಡೆಗಳಿಗೆ ಯಂತ್ರ ಹಿಡಿದಳು, ಕಿಟಕಿಯ ಸಂದಿಗೆ ಬೆರಳಿಟ್ಟು ನೋಡಿದಳು, ತಲೆ ಅಲ್ಲಾಡಿಸಿದಳು.

“ಇದ್ರೊಳಗೆ ಹೆಂಗೆ ಬದುಕಿದಾರೆ ಬಾಯ್ಕೆ ಇವ್ರು?” ಎಂದು ಅವನನ್ನು ಹಿರಿಯಣ್ಣನೆಂಬಂತೆ ಕರೆದು ಕೇಳಿದಳು.

“ನಂಗೂ ಅದೇ ಆಶ್ಚರ್ಯ,” ಎಂದ ಶಾರ್ಶೆನ್.

ಅವಳು ಕಾಗದ ಓದಿದಳು: ಅಸಿಲ್‌ಕಾನ್, ಎಂಬತ್ತೊಂದು ವರ್ಷ, ಒಬ್ಬರೇ ವಾಸ. ಕೌದಿಯಿಂದ ಹೊರಬಂದ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿಕೊಂಡಳು. “ಹತ್ತು ದಿನದೊಳಗೆ ಒಲೆ ಬರತ್ತೆ. ಅಜ್ಜಿ ಪುಣ್ಯವಂತರು, ನಿಮ್ಮಂಥೋರು ಇದೀರಲ್ಲ ನೋಡ್ಕೊಳ್ಳೋಕೆ.”

ಮುಗಿಯಿತು. ಎಷ್ಟೋ ತಿಂಗಳ ನಂತರ ಶಾರ್ಶೆನ್‌ಗೆ ಎದೆತುಂಬ ಉಸಿರು ಬಂತು. ಕಲಿಪಾ ವಸಂತ ನೋಡುತ್ತಾಳೆ. ಹುಡುಗಿ ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದಳು. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳದೆ ಹೊಸ್ತಿಲು ದಾಟಲು ಯಾರನ್ನಾದರೂ ಬಿಡುವುದುಂಟೇ? ಅವನು ತಾಟು ಎತ್ತಿ ಮುಂದೆ ಹಿಡಿದ. “ಒಂದು ತುತ್ತಾದ್ರೂ ತಿಂದು ಹೋಗು ಮಗಳೇ.”

ಜಿಬೆಕ್ ಬಟ್ಟೆ ಸರಿಸಿದಳು. ಒಂದರ ಮೇಲೊಂದು, ಎಣ್ಣೆಯಲ್ಲಿ ಕರಿದ ಏಳು ರೊಟ್ಟಿ. “ಅಯ್ಯೋ ಹೌದಲ್ವಾ, ಇವತ್ತು ಗುರುವಾರ,” ಎಂದು ಅವಳು ಚೀಲ ಕೆಳಗಿಟ್ಟು ಮಂಡಿಯೂರಿ ಅಂಗೈ ಬಿಡಿಸಿದಳು. “ಸತ್ತೋರಿಗೆ ಪ್ರಾರ್ಥನೆ ನೀವೇ ಓದಿ ಬಾಯ್ಕೆ.” ಸಂತೆಯ ದಿನ ಎಂದಷ್ಟೇ ಎಣಿಸಿದ್ದವನಿಗೆ ಅದು ಗುರುವಾರ, ಕರಿದ ಎಣ್ಣೆಯ ಘಮ ಹಿಡಿದು ಸತ್ತವರು ತಮ್ಮ ಮನೆಗೆ ಬರುವ ದಿನ ಎಂಬುದು ಹೊಳೆದಿರಲಿಲ್ಲ. ಗುರುವಾರ ಬೆಳಿಗ್ಗೆ ಏನಾದರೂ ಮಾಡು ಎಂದರೆ ಕಲಿಪಾ ಸತ್ತವರ ಹೆಸರಿನ ಏಳು ರೊಟ್ಟಿಯಲ್ಲದೆ ಇನ್ನೇನು ಮಾಡುತ್ತಾಳೆ? ಈಗಲೂ ಅದರ ಅಪಾಯ ಹೊಳೆಯಲಿಲ್ಲ. ಬಿಡಿಸಿದ ಅಂಗೈ ಕಂಡಕೂಡಲೇ ಅವನ ಕಣ್ಣು ತಾನಾಗಿ ಮುಚ್ಚಿತು, ಹಗುರಾದ ಎದೆಯಿಂದ ಎಂದಿಗಿಂತ ಇಂಪಾಗಿ ಓದಿದ, ಓದಿ ಮುಗಿಸಿ ಪ್ರತಿ ವಾರ ಹೇಳುವಂತೆಯೇ ಹೇಳಿದ: “ಇದರ ಪುಣ್ಯ ನಮ್ಮಪ್ಪಂಗೆ ಸೇರಲಿ, ನಮ್ಮವ್ವಂಗೆ ಸೇರಲಿ, ಈ ಶರತ್ಕಾಲ ನಮ್ಮನ್ನ ಬಿಟ್ಟು ಮಣ್ಣಿಗೆ ಹೋದ ಅಸಿಲ್‌ಕಾನ್ ಅತ್ತೆಗೆ ಸೇರಲಿ.” ಮೂಲೆಯ ಕೌದಿಗಳ ನಡುವಿನಿಂದ ಎರಡು ಕೈ ಮೇಲೆದ್ದವು, ಹೆಬ್ಬೆರಳಿನ ಮಸಿ ಕೆನ್ನೆಗೆ ಹತ್ತುವಂತೆ ಮುಖವನ್ನು ಸವರಿಕೊಂಡವು. “ಓಮಿನ್,” ಎಂದಳು ಕಲಿಪಾ ಭಕ್ತಿಯಿಂದ. ಜಿಬೆಕ್ ಕೂಡ “ಓಮಿನ್” ಎಂದು ಮುಖ ಸವರಿಕೊಂಡು, ನಿಧಾನವಾಗಿ ಆ ಕಡೆ ತಿರುಗಿದಳು.