ಮಜ್ಜೆ ಕೊಡುವ ಹುಡುಗಿ

"ಎಲ್ಲಿಗೆ ಹೊರಟೆ?"

ಪಾವಗಡದ ಬಸ್ ನಿಲ್ದಾಣದಲ್ಲಿ ಹಿಂದಿನಿಂದ ಬಂದ ದನಿಗೆ ಕ್ಯಾತಮ್ಮ ತಿರುಗಿದಳು.

ಮಾರಣ್ಣ! ಸೋದರಮಾವನ ಮಗ, ಅವಳನ್ನು ಮದುವೆಯಾಗಬೇಕಾದವನು. ಇಪ್ಪತ್ತು ದಿನದಿಂದ ಅವಳ ಊರು ನಿಡುಗಲ್ ಕಡೆ ಸುಳಿದಿರಲಿಲ್ಲ.

ತಡೆಯಲು ಬಂದನೇ...?

"ವೆಲ್ಲೂರಿಗೆ," ಎಂದಳು ನೆಲ ನೋಡುತ್ತ. ಅಪ್ಪ ತಿಮ್ಮರಾಯಪ್ಪ ಬಸ್ಸು ವಿಚಾರಿಸಲು ಹೋಗಿದ್ದ.

1987ರ ಆ ಬೇಸಿಗೆಯಲ್ಲಿ ತಂಗಿ ರಂಗಕ್ಕನ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತಿತ್ತು. ರಕ್ತ ಹುಟ್ಟಿಸುವ ಮೂಲಕೋಶಗಳು ಅಕ್ಕನ ಮಜ್ಜೆಯಿಂದ ಸಿಕ್ಕರೆ ತಂಗಿ ಬದುಕಬಹುದು, ಬದುಕದೆಯೂ ಇರಬಹುದು. ಪರೀಕ್ಷೆಯಲ್ಲಿ ಹೊಂದಿದ್ದು ಕ್ಯಾತಮ್ಮನದು ಮಾತ್ರ.

ಅಪ್ಪನನ್ನು ಹೊರಗೆ ಕಳುಹಿಸಿ ವೆಲ್ಲೂರಿನ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು: "ನಿನಗೆ ಇಷ್ಟ ಇಲ್ಲದಿದ್ರೆ ಕೊಡೋಕಾಗಲ್ಲ ಅಂತಷ್ಟೇ ಹೇಳ್ತೀನಿ. ಕಾರಣ ಯಾರಿಗೂ ಹೇಳಲ್ಲ. ಯೋಚಿಸಿ ಬಾ."

ಬೇಡವೆನ್ನುವ ಆ ದಾರಿ ತೆರೆದಿದ್ದೇ ಅವಳನ್ನು ಇನ್ನಷ್ಟು ಹೆದರಿಸಿತ್ತು.

ಕುರಿ ಸಾಕುವ ಮನೆಗಳಲ್ಲಿ ಮಜ್ಜೆ ತುಂಬಿದ ನಲ್ಲಿಮೂಳೆ ಎಲ್ಲರಿಗೂ ಗೊತ್ತು. ಒಮ್ಮೆ ಹೀರಿದರೆ ಉಳಿಯುವುದು ಬರೀ ಕೊಳವೆ. "ಮೂಳೆ ಬರಿದಾದ ಹುಡ್ಗಿ ಮಕ್ಕಳನ್ನ ಹೆರ್ತಾಳಾ?" ಎಂದು ಮಾರಣ್ಣನ ತಾಯಿ ಈಶ್ವರಮ್ಮ ಕೇಳಿದ್ದು ಊರಿಗೆಲ್ಲ ಹಬ್ಬಿತ್ತು.

"ನಿಮ್ಮವ್ವ ನಾನು ಬ್ಯಾಡ ಅಂದ್ರಂತಲ್ಲ, ಮಾವ."

"ನೀನು ಮದ್ವೆ ಆಗ್ತಿರೋದು ನಮ್ಮವ್ವನ್ನಾ?"

ಅವಳಿಗೆ ನಗು ಬರಲಿಲ್ಲ. "ಮತ್ತೆ ಯಾಕೆ ಬರ್ಲಿಲ್ಲ?"

"ವೆಲ್ಲೂರಿಗೆ ಹೋಗಿದ್ದೆ. ನನ್ ಮೂಳೇದು ತಗೊಳ್ಳಿ, ಅವಳನ್ನ ಬುಟ್ಬುಡಿ ಅಂದೆ. ನಾನೂ ಒಂದೇ ರಕ್ತದೋನಲ್ವಾ? ಪರೀಕ್ಷೆ ಮುಗಿಯೋಗಂಟ ಆಸ್ಪತ್ರೆ ಜಗಲಿ ಮೇಲೇ ಇದ್ದೆ. ಹೊಂದಲ್ವಂತೆ..."

ಕ್ಯಾತಮ್ಮ ತಲೆಯೆತ್ತಿದಳು.

"ಇನ್ನೊಂದೂ ಕೇಳ್ದೆ, ಮೂಳೆ ಬರಿದಾಗ್ತದಾ ಅಂತ. ಕುರಿ ಮೂಳೆ ಸತ್ತದ್ದು, ಇವಳದ್ದು ಬದುಕಿರೋದು ಅಂದ್ರು ಡಾಕ್ಟರಮ್ಮ. ತೆಗೆದಿದ್ದು ಕೆಲವು ವಾರದಾಗೆ ತುಂಬ್ಕೊಂತದಂತೆ. ಮಕ್ಕಳಾಗೋಕೂ ಅಡ್ಡಿಯಿಲ್ವಂತೆ. ಆದ್ರೆ ಮತ್ತಿನ ಮದ್ದು ಕೊಟ್ಟು ಸೊಂಟದ ಮೂಳೆಗೆ ಸೂಜಿ ಹಾಕ್ತಾರೆ. ಅಪಾಯ ಒಂಚೂರೂ ಇಲ್ಲ ಅಂತ ಅವರು ಹೇಳ್ಳಿಲ್ಲ. ನಾನೂ ಹೇಳಲ್ಲ."

ಬಸ್ಸು ಬಂದು ನಿಂತಿತು.

"ಕೊಡು ಅಂತೀಯಾ?"

"ಅದನ್ನ ನಾನು ಹೇಳ್ಬಾರ್ದು. ನೀನು ಹೂಂ ಅಂದ್ರೂ, ಊಹೂಂ ಅಂದ್ರೂ ನಾನು ಕಟ್ಕೊಳ್ಳೋದು ನಿನ್ನನ್ನೇ."

ಇಷ್ಟು ದಿನ ಎದೆಯಲ್ಲಿ ಕೂತಿದ್ದ ಭಯಗಳಲ್ಲಿ ಒಂದು ಎದ್ದುಹೋಯಿತು. ಇನ್ನೊಂದು ಕದಲಲಿಲ್ಲ. ರಂಗಕ್ಕ ಉಳಿಯುತ್ತಾಳೋ, ಇಲ್ಲವೋ...

"ಕೊಡ್ತೀನಿ, ಮಾವ. ಯಾರೋ ಹೇಳಿದ್ರು ಅಂತಲ್ಲ... ನಾನೇ. ಆದ್ರೂ ಭಯ ಆಗ್ತೈತೆ."

"ನಂಗೂ ಕಣಮ್ಮಿ."

"ಗಂಡಸಾಗಿ ಇಂಗಂತೀಯಲ್ಲ?"

"ಸುಳ್ಳು ಹೇಳ್ಲಾ?"

"ಬ್ಯಾಡ. ಇಂಗೇ ಹೇಳ್ತಿರು," ಎಂದಳು ಕ್ಯಾತಮ್ಮ. "ಅಪ್ಪನ್ನ ಕರಿ. ನೀನೂ ಹತ್ತು."